ಮಳೆಗಾಲದ ಜಾರು ದಾರಿಯಲ್ಲಿ ವಾಹನದ ಹಿಡಿತ

ಕೊಡಗಿನ ರೈತ ಬಾಂಧವರಿಗೆ ಮಳೆಯ ವಿಚಾರ ಹೊಸದಾಗಿ ಹೇಳಬೇಕಾದ್ದಿಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವವರೆಗೆ ಆಕಾಶ ಬಿಡುವು ಕೊಡುವುದು ಅಪರೂಪ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ; ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಇದೇ ತಿಂಗಳುಗಳಲ್ಲಿ ಗದ್ದೆಯ ನಾಟಿ ನಡೆಯಬೇಕು, ತೋಟಕ್ಕೆ ಗೊಬ್ಬರ ಹೋಗಬೇಕು, ಕೆಲಸದವರು ಬಂದು ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು. ಇವೆಲ್ಲಕ್ಕೂ ನಿಮ್ಮ ಜೀಪು, ಪಿಕಪ್ ಅಥವಾ ಕಾರು ಕಡಿದಾದ ತೋಟದ ದಾರಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಇಳಿದು ಹತ್ತಲೇಬೇಕು.

ಬೇಸಾಯಶಾಸ್ತ್ರದವನಿಗೆ ವಾಹನ ನಡೆಸುವ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು, ತೋಟದ ರಸ್ತೆ ಎಂಬುದು ಮಣ್ಣೇ; ಮಣ್ಣು ನೀರು ಕುಡಿದಾಗ ಹೇಗೆ ವರ್ತಿಸುತ್ತದೆ ಎಂಬುದು ನಮ್ಮ ಶಾಸ್ತ್ರದ ವಿಷಯ. ಎರಡನೆಯದು, ಅದನ್ನು ಪುಸ್ತಕದಲ್ಲಿ ಓದಿಯೂ ದಾರಿಯಲ್ಲಿ ಮರೆತು ನಾನು ಒಮ್ಮೆ ಮಾಡಿದ ತಪ್ಪು.

ಒಂದು ಬೆಳಗಿನ ಪಾಠ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾಪೋಕ್ಲು ಕಡೆಯ ಒಬ್ಬ ರೈತರ ಗದ್ದೆಯಲ್ಲಿ ಭತ್ತದ ತಳಿಗಳ ಪ್ರಾತ್ಯಕ್ಷಿಕೆ ಇಟ್ಟಿದ್ದೆವು. ಅಂದು ಕಕ್ಕಡ ಹದಿನೆಂಟು. ನಮ್ಮ ಹಿರಿಯ ಚಾಲಕರು ಮದ್ದು ಸೊಪ್ಪಿನ ಪಾಯಸಕ್ಕೆಂದು ಮನೆಗೆ ಹೋಗಿದ್ದರು. ನಾಟಿ ತಡವಾಗುತ್ತದೆಂದು ನಾನೇ ಜೀಪು ತೆಗೆದೆ. ಹಿಂದೆ ಇಬ್ಬರು ಕ್ಷೇತ್ರ ಸಹಾಯಕರು, ಆರು ಚೀಲ ಗೊಬ್ಬರ. ಟಾರು ರಸ್ತೆಯಿಂದ ಗದ್ದೆಗೆ ಕಾಫಿ ತೋಟದ ನಡುವೆ ಇಳಿಯುವ ಕಡಿದಾದ ಮಣ್ಣಿನ ದಾರಿ. ಮೇಲೆ ನಿಂತು ನಾಲ್ಕೂ ಚಕ್ರಕ್ಕೆ ಗೇರು ಹಾಕಿದೆ. ಇನ್ನೇನು ಭಯ ಎಂಬ ಧೈರ್ಯ ಬಂದಿತು. ಎರಡನೇ ಗೇರಿನಲ್ಲಿ ಇಳಿಯತೊಡಗಿದೆ.

ಅರ್ಧ ದಾರಿಯಲ್ಲಿ ವೇಗ ಸ್ವಲ್ಪ ಹೆಚ್ಚಾದಂತೆ ಕಂಡಿತು. ಬ್ರೇಕು ತುಳಿದೆ. ಚಕ್ರಗಳು ತಿರುಗುವುದು ನಿಂತವು, ಜೀಪು ನಿಲ್ಲಲಿಲ್ಲ. ಮನುಷ್ಯ ಬಿರುಸಾಗಿ ನಡೆಯುವಷ್ಟೇ ವೇಗದಲ್ಲಿ, ಸದ್ದಿಲ್ಲದೆ, ತಿರುವಿನ ಕಡೆಗೆ ಜಾರುತ್ತಾ ಹೋಯಿತು. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಜೀಪಿಗೆ ಅದು ಕೇಳಿಸಲೇ ಇಲ್ಲ. ಕಾಲನ್ನು ಬ್ರೇಕಿನಿಂದ ತೆಗೆಯಬೇಕೆಂಬುದು ಹೊಳೆಯಲಿಲ್ಲ, ಹೊಳೆದಿದ್ದರೂ ತೆಗೆಯುವ ಧೈರ್ಯ ಇರಲಿಲ್ಲ. ತಿರುವಿನ ಹೊರ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಮರವಿತ್ತು. ಅದಕ್ಕೆ ಬಡಿದು ನಿಂತೆವು. ಮರದ ಆಚೆ ಇಪ್ಪತ್ತು ಅಡಿ ಆಳದ ಬರೆ. ಹಿಂದೆ ಕುಳಿತಿದ್ದ ಸಹಾಯಕರೊಬ್ಬರ ಮಣಿಕಟ್ಟು ಮುರಿಯಿತು. ಆ ವರ್ಷ ಅವರ ಸ್ವಂತ ಗದ್ದೆಯ ನಾಟಿಯನ್ನು ಅವರ ಹೆಂಡತಿ ಮುಯ್ಯಾಳು ಸೇರಿಸಿಕೊಂಡು ಮುಗಿಸಿದರು. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ.

ಮಾರನೆಯ ದಿನ ನಮ್ಮ ಚಾಲಕರು ಜಾಗವನ್ನು ನೋಡಿಬಂದು ಕೇಳಿದ್ದು ಎರಡೇ ಪ್ರಶ್ನೆ. “ಸಾರ್, ಇಳಿಯುವ ಮೊದಲು ನಡೆದು ನೋಡಿದಿರಾ? ಒಂದನೇ ಗೇರು ಹಾಕಿದಿರಾ?” ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಗದ್ದೆಯ ಹದ, ರಸ್ತೆಯ ಹದ

ಉಳುಮೆಗೆ ಮಣ್ಣಿನ ಹದ ನೋಡುವುದು ನಿಮಗೆ ಗೊತ್ತು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡುತ್ತೀರಿ. ಪುಡಿಯಾದರೆ ಒಣಗಿದೆ, ದಾರದಂತೆ ಎಳೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದನ್ನೇ. ಮಣ್ಣನ್ನು 3 ಮಿ.ಮೀ. ದಪ್ಪದ ಎಳೆಯಾಗಿ ಹೊಸೆದಾಗ ಅದು ಯಾವ ತೇವಾಂಶದಲ್ಲಿ ಮುರಿಯತೊಡಗುತ್ತದೆಯೋ ಅದನ್ನು ಗುರುತಿಸುತ್ತೇವೆ. ಅದಕ್ಕಿಂತ ಹೆಚ್ಚು ನೀರು ಸೇರಿದ ಜೇಡಿಯು ಭಾರ ಬಿದ್ದಾಗ ಮುರಿಯುವುದಿಲ್ಲ, ಹರಿದಾಡುತ್ತದೆ.

ನಮ್ಮ ಕೆಂಪು ಮಣ್ಣಿನಲ್ಲಿರುವ ಜೇಡಿ ಕಣಗಳು 0.002 ಮಿ.ಮೀ.ಗಿಂತಲೂ ಸಣ್ಣವು. ಒಂದೊಂದು ಕಣದ ಸುತ್ತ ನೀರಿನ ಪೊರೆ ಕಟ್ಟಿಕೊಂಡಾಗ ಅವು ಒಂದರ ಮೇಲೊಂದು ಜಾರತೊಡಗುತ್ತವೆ. ನಾಟಿಗೆ ಮುನ್ನ ಗದ್ದೆಯಲ್ಲಿ ಕೆಸರು ಮಾಡುವಾಗ ನಾವು ಬೇಕೆಂದೇ ತರುವ ಸ್ಥಿತಿ ಇದು. ರಸ್ತೆಯ ಮೇಲೆ ಇದೇ ಕೆಲಸವನ್ನು ವಾಹನದ ಚಕ್ರ ಮಾಡುತ್ತದೆ. ಒಂದೇ ದಾರಿಯಲ್ಲಿ ಹತ್ತು ಸಲ ಟ್ರ್ಯಾಕ್ಟರು ಓಡಿದರೆ ಮೇಲಿನ ಎರಡು ಅಂಗುಲ ಮಣ್ಣು ನುಣ್ಣನೆಯ ಕೆಸರಾಗಿ, ಕೆಳಗೆ ಗಟ್ಟಿ ನೆಲ ಉಳಿಯುತ್ತದೆ. ಗಟ್ಟಿ ನೆಲದ ಮೇಲೆ ತೆಳುವಾಗಿ ಹಚ್ಚಿದ ಬೆಣ್ಣೆಯಂತಹ ಈ ಪದರವೇ ಅತ್ಯಂತ ಅಪಾಯಕಾರಿ. ಆಳವಾದ ಕೆಸರಿನಲ್ಲಿ ಗಾಡಿ ಹೂತು ನಿಲ್ಲುತ್ತದೆ, ತೆಳು ಕೆಸರಿನಲ್ಲಿ ಜಾರಿ ಹೋಗುತ್ತದೆ. ಮೊದಲನೆಯದರಿಂದ ಅರ್ಧ ದಿನ ಹಾಳಾಗುತ್ತದೆ, ಅಷ್ಟೆ.

ಜಡಿಮಳೆಗಿಂತ ತುಂತುರು ಮಳೆ ಹೆಚ್ಚು ಜಾರುವುದಕ್ಕೂ ಇದೇ ಕಾರಣ. ಜಡಿಮಳೆ ಮೇಲಿನ ಲೇಪವನ್ನು ಅಷ್ಟಿಷ್ಟು ತೊಳೆದುಕೊಂಡು ಹೋಗುತ್ತದೆ; ತುಂತುರು ಅದನ್ನು ಕಲಸಿ ಇಡುತ್ತದೆ. ಟಾರು ರಸ್ತೆಯಲ್ಲಿಯೂ ಹೀಗೆಯೇ. ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಹೂಮಳೆಯ ಮೊದಲ ಹತ್ತು ನಿಮಿಷ ಬೇಸಿಗೆಯ ಧೂಳು, ಟೈರಿನ ಪುಡಿ, ಸೋರಿದ ಎಣ್ಣೆ ಎಲ್ಲ ಸೇರಿ ರಸ್ತೆಗೆ ಲೇಪವಾಗುತ್ತವೆ. ಕಾಫಿಗೆ ಹೂಮಳೆ ಬಂತೆಂಬ ಸಂತೋಷದಲ್ಲಿ ಪೇಟೆಗೆ ಹೊರಟವರು ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಅಪಾಯ ಪಾಚಿ. ಎರಡೂ ಬದಿ ಮರದ ನೆರಳಿರುವ ಒಳ ರಸ್ತೆಗಳಲ್ಲಿ ಜುಲೈ ಹೊತ್ತಿಗೆ ಟಾರಿನ ಮೇಲೂ ಹಸಿರು ಪದರ ಕಟ್ಟುತ್ತದೆ. ಚಕ್ರ ಓಡುವ ಎರಡು ಜಾಡು ಕಪ್ಪಾಗಿರುತ್ತವೆ, ನಡುವೆ ಮತ್ತು ಅಂಚಿನಲ್ಲಿ ಪಾಚಿ ಇರುತ್ತದೆ. ಎದುರಿನಿಂದ ಬಂದ ವಾಹನಕ್ಕೆ ದಾರಿ ಬಿಡಲು ಅಂಚಿಗೆ ಸರಿದಾಗ ನಿಮ್ಮ ಎರಡು ಚಕ್ರ ಪಾಚಿಯ ಮೇಲೆ, ಎರಡು ಟಾರಿನ ಮೇಲೆ ಇರುತ್ತವೆ. ಆಗ ಬ್ರೇಕು ತುಳಿದರೆ ಗಾಡಿ ತಿರುಗಿ ಅಡ್ಡ ನಿಲ್ಲುತ್ತದೆ. ಸರಿಯುವ ಮೊದಲೇ ವೇಗ ಇಳಿಸಿ, ಸರಿದ ಮೇಲೆ ಬ್ರೇಕು ಮುಟ್ಟಬೇಡಿ. ಇತ್ತೀಚೆಗೆ ಊರೂರಿಗೆ ಆಗಿರುವ ಕಾಂಕ್ರೀಟು ರಸ್ತೆಗಳ ಕಡಿದಾದ ಏರುಗಳಲ್ಲೂ ಪಾಚಿ ಬೇಗ ಹಿಡಿಯುತ್ತದೆ. ಉದುರಿದ ಸಿಲ್ವರ್ ಓಕ್ ಎಲೆ, ಒದ್ದೆಯಾಗಿ ಬಿದ್ದ ಹಲಸಿನ ಹಣ್ಣು ಇವುಗಳ ಮಾತು ಬೇರೆ ಹೇಳಬೇಕಾಗಿಲ್ಲ.

ಸ್ವಲ್ಪ ಲೆಕ್ಕ

ಒಣಗಿದ ಟಾರಿನ ಮೇಲೆ ಟೈರಿನ ಹಿಡಿತವನ್ನು 0.7 ಎಂದಿಟ್ಟುಕೊಂಡರೆ, ಒದ್ದೆ ಟಾರಿನ ಮೇಲೆ ಅದು ಸುಮಾರು 0.4ಕ್ಕೆ ಇಳಿಯುತ್ತದೆ. ತೆಳು ಕೆಸರಿನ ಮೇಲೆ 0.2ರ ಆಸುಪಾಸು. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ವಾಹನ ಬ್ರೇಕು ಹಿಡಿದ ಮೇಲೆ ಸಮತಟ್ಟಾದ ಒಣ ಟಾರಿನಲ್ಲಿ 9 ಮೀಟರಿನಲ್ಲಿ ನಿಂತರೆ, ಒದ್ದೆ ಟಾರಿನಲ್ಲಿ 16 ಮೀಟರು, ಕೆಸರಿನಲ್ಲಿ 31 ಮೀಟರು ಬೇಕು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ 11 ಮೀಟರನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಆದರೆ ವೇಗವನ್ನು ಅರ್ಧಕ್ಕೆ, ಅಂದರೆ 20 ಕಿ.ಮೀ.ಗೆ ಇಳಿಸಿದರೆ ಕೆಸರಿನಲ್ಲೂ 8 ಮೀಟರು ಸಾಕು. ವೇಗ ಅರ್ಧವಾದಾಗ ನಿಲ್ಲುವ ದೂರ ಕಾಲು ಭಾಗವಾಗುತ್ತದೆ ಎಂಬುದನ್ನು ಗಮನಿಸಿ.

ತಿರುವಿನಲ್ಲಿಯೂ ಇದೇ ಲೆಕ್ಕ. 15 ಮೀಟರು ತ್ರಿಜ್ಯದ ಒಂದು ತಿರುವನ್ನು ಒಣ ಟಾರಿನಲ್ಲಿ ಹೆಚ್ಚೆಂದರೆ 36 ಕಿ.ಮೀ. ವೇಗದಲ್ಲಿ ತಿರುಗಬಹುದು. ಅದೇ ತಿರುವು ಕೆಸರಾಗಿದ್ದರೆ 19 ಕಿ.ಮೀ. ದಾಟಿದಾಗಲೇ ವಾಹನ ಹೊರಕ್ಕೆ ಜಾರುತ್ತದೆ.

ಇಳಿಜಾರಿನ ಲೆಕ್ಕವೇ ನಿಜವಾದ ಕಣ್ಣು ತೆರೆಸುವಂಥದ್ದು. ಐದು ಅಡಿಗೆ ಒಂದು ಅಡಿ ಇಳಿಯುವ ದಾರಿ ತೋಟಗಳಲ್ಲಿ ಅಪರೂಪವಲ್ಲ. ಅಂಥ ಇಳಿಜಾರಿನಲ್ಲಿ ಹಿಡಿತ 0.2 ಇದ್ದರೆ ಅದಷ್ಟೂ ಇಳಿಜಾರಿನ ಎಳೆತವನ್ನು ತಡೆಯುವುದಕ್ಕೇ ಖರ್ಚಾಗಿ, ನಿಲ್ಲಿಸಲು ಏನೂ ಉಳಿಯುವುದಿಲ್ಲ. ಎಷ್ಟು ಗಟ್ಟಿಯಾಗಿ ಬ್ರೇಕು ತುಳಿದರೂ ವಾಹನ ನಿಲ್ಲುವುದಿಲ್ಲ ಎಂದೇ ಇದರ ಅರ್ಥ. ಹಿಡಿತ ಸ್ವಲ್ಪ ಉತ್ತಮವಾಗಿ 0.25 ಇದ್ದರೆ 10 ಕಿ.ಮೀ. ವೇಗದಲ್ಲಿರುವ ಜೀಪು 8 ಮೀಟರಿನಲ್ಲಿ ನಿಲ್ಲುತ್ತದೆ; 20 ಕಿ.ಮೀ. ವೇಗದಲ್ಲಿದ್ದರೆ 31 ಮೀಟರು ಬೇಕು. ನಮ್ಮ ತೋಟದ ದಾರಿಗಳಲ್ಲಿ ಎರಡು ತಿರುವುಗಳ ನಡುವೆ ಅಷ್ಟು ನೇರ ಜಾಗ ಎಲ್ಲಿದೆ? ನಾನು ಅಂದು ಗೊಬ್ಬರದ ಚೀಲಗಳೊಂದಿಗೆ ಇಳಿದದ್ದು ಇಂಥ ಜಾಗದಲ್ಲಿ.

ನಾಲ್ಕು ಚಕ್ರದ ಭ್ರಮೆ

ನಮ್ಮಲ್ಲಿ ಬಹಳ ಮಂದಿಯ ನಂಬಿಕೆಯೆಂದರೆ ಫೋರ್ ವೀಲ್ ಡ್ರೈವ್ ಹಾಕಿದ ಜೀಪು ಜಾರುವುದಿಲ್ಲ ಎಂಬುದು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವುದರಿಂದ ಏರು ಹತ್ತಲು, ಕೆಸರಿನಿಂದ ಹೊರಬರಲು ಬಹಳ ಅನುಕೂಲವಾಗುತ್ತದೆ, ನಿಜ. ಆದರೆ ಬ್ರೇಕು ಎಲ್ಲ ವಾಹನಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ನಿಲ್ಲುವ ವಿಷಯದಲ್ಲಿ ಜೀಪಿಗೂ ಸಾಧಾರಣ ಕಾರಿಗೂ ಭೇದವಿಲ್ಲ. ಭಾರ ಹೆಚ್ಚಿರುವುದರಿಂದ ಮರಕ್ಕೆ ಬಡಿದಾಗ ಪೆಟ್ಟು ಮಾತ್ರ ಹೆಚ್ಚು. ಕಾರು ಹತ್ತಲಾರದೆ ಹಿಂದಿರುಗುವ ಜಾಗಕ್ಕೆ ಜೀಪು ಹತ್ತಿಬಿಡುತ್ತದೆ. ಮರಳಿ ಇಳಿಯುವಾಗ ಅದರ ಚಾಲಕನ ಕೈಯಲ್ಲಿರುವ ಹಿಡಿತ ಕಾರಿನವನಷ್ಟೇ. ಇಳಿಯುವಾಗ ಜೀಪಿನ ನಿಜವಾದ ಉಪಕಾರ ಅದರ ಲೋ ಗೇರು. ಎಂಜಿನ್ನೇ ನಾಲ್ಕು ಚಕ್ರಗಳನ್ನೂ ಸಮನಾಗಿ ತಡೆಯುತ್ತಾ, ತಿರುಗಿಸುತ್ತಾ, ನಡೆಯುವ ವೇಗದಲ್ಲಿ ಇಳಿಸುತ್ತದೆ. ಚಕ್ರ ತಿರುಗುತ್ತಿರುವವರೆಗೆ ಸ್ಟೀರಿಂಗು ಕೇಳುತ್ತದೆ. ಚಕ್ರ ನಿಂತು ಗಾಡಿ ಜಾರತೊಡಗಿದರೆ ಸ್ಟೀರಿಂಗು ಬರೀ ಅಲಂಕಾರ.

ಹೊಸ ಕಾರುಗಳಲ್ಲಿ ಚಕ್ರ ಕಟ್ಟಿಹೋಗದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಬಂದಿದೆ; 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ. ಇದು ಇರುವ ವಾಹನದಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿದು ಹಿಡಿದುಕೊಂಡೇ ಸ್ಟೀರಿಂಗು ತಿರುಗಿಸಬೇಕು. ಪೆಡಲು ಕಾಲಿನಡಿ ಕಟಕಟನೆ ನಡುಗುತ್ತದೆ. ಹೆದರಿ ಕಾಲು ತೆಗೆಯಬಾರದು. ಹಳೆಯ ಜೀಪುಗಳಲ್ಲಿ ಇದು ಇಲ್ಲವಾದ್ದರಿಂದ ನೀವೇ ಒತ್ತಿ, ಸಡಿಲಿಸಿ, ಮತ್ತೆ ಒತ್ತಬೇಕು. ನೆನಪಿಡಿ, ಎ.ಬಿ.ಎಸ್. ದಿಕ್ಕನ್ನು ಉಳಿಸಿಕೊಡುತ್ತದೆ, ಹಿಡಿತವನ್ನು ಹುಟ್ಟಿಸುವುದಿಲ್ಲ. ಸಡಿಲ ಕೆಸರಿನಲ್ಲಿ, ಜಲ್ಲಿಯಲ್ಲಿ ನಿಲ್ಲುವ ದೂರ ಅದರಿಂದ ಸ್ವಲ್ಪ ಹೆಚ್ಚಾಗುವುದೂ ಉಂಟು.

ಗದ್ದೆಯೇ ಪಾಠಶಾಲೆ

ಜಾರುವ ವಾಹನವನ್ನು ಅಂಕೆಯಲ್ಲಿಡುವುದು ಕೈ ಕಾಲುಗಳು ಕಲಿಯಬೇಕಾದ ವಿದ್ಯೆ. ಅದನ್ನು ಬರೆಯ ಅಂಚಿನಲ್ಲಿ ಮೊದಲ ಸಲ ಕಲಿಯಲಾಗುವುದಿಲ್ಲ. ನನಗೆ ಕಲಿಸಿದ ಜಾಗ ಪುತ್ತರಿಯ ನಂತರ ಕೊಯ್ಲು ಮುಗಿದು ಬೀಳು ಬಿಟ್ಟ ಗದ್ದೆ. ಹೂಮಳೆ ಬಿದ್ದ ಮಾರನೆಯ ದಿನ ಅಲ್ಲಿ ಮೇಲೆ ಒಂದಂಗುಲ ಕೆಸರು, ಕೆಳಗೆ ಗಟ್ಟಿ ನೆಲ ಇರುತ್ತದೆ. ಮಳೆಗಾಲದ ರಸ್ತೆಯ ಗುಣವೇ ಇದು, ಆದರೆ ಸಮತಟ್ಟು. ಬಡಿಯಲು ಮರವಿಲ್ಲ, ಬೀಳಲು ಕಣಿವೆಯಿಲ್ಲ. ಕೊಡಗಿನಲ್ಲಿ ಆಟೋಕ್ರಾಸ್ ಸ್ಪರ್ಧೆಗಳನ್ನು ಗದ್ದೆಗಳಲ್ಲಿ ನಡೆಸುವುದನ್ನು ನೀವು ನೋಡಿದ್ದೀರಿ. ಅವರ ವೇಗ ನಮಗೆ ಬೇಡ, ಅವರು ಆರಿಸಿದ ಜಾಗ ಮಾತ್ರ ಸಾಕು. ಬದುಗಳಿಂದ ದೂರವಿರುವ ದೊಡ್ಡ ಮಡಿಯನ್ನು ಆರಿಸಿಕೊಳ್ಳಿ. ಗಾಡಿಯಲ್ಲಿ ಕಲಿಯುವವರು ಮತ್ತು ಕಲಿಸುವವರು ಇಬ್ಬರೇ ಇರಲಿ, ಸೀಟ್ ಬೆಲ್ಟು ಬಿಗಿದಿರಲಿ. ವೇಗ 20 ಕಿ.ಮೀ. ದಾಟುವುದು ಬೇಡ.

ಮೊದಲು ನೇರವಾಗಿ ಹೋಗುತ್ತಾ ಬ್ರೇಕನ್ನು ಬೇಕೆಂದೇ ಜೋರಾಗಿ ತುಳಿಯಿರಿ. ಚಕ್ರ ಕಟ್ಟಿ ಗಾಡಿ ಜಾರುವುದನ್ನು ಸೊಂಟದಲ್ಲಿ, ಕೈಯಲ್ಲಿ ಅನುಭವಿಸಿ. ಅದೇ ಕ್ಷಣ ಕಾಲು ಸಡಿಲಿಸಿ. ಚಕ್ರ ಮತ್ತೆ ತಿರುಗಿ ಹಿಡಿತ ಮರಳಿ ಬರುವುದು ತಿಳಿಯುತ್ತದೆ. ಈ ಸಡಿಲಿಸುವ ಅಭ್ಯಾಸವೇ ಎಲ್ಲಕ್ಕಿಂತ ಕಷ್ಟವಾದದ್ದು, ಏಕೆಂದರೆ ಹೆದರಿದ ಕಾಲು ತುಳಿಯಲು ನೋಡುತ್ತದೆಯೇ ಹೊರತು ಬಿಡಲು ಒಪ್ಪುವುದಿಲ್ಲ. ನಾನು ಹತ್ತಿಪ್ಪತ್ತು ಸಲ ಮಾಡಿದ ಮೇಲೆ ಕಾಲು ಮಾತು ಕೇಳಿತು. ನಂತರ ಜಾರುತ್ತಿರುವಾಗಲೇ ಸ್ಟೀರಿಂಗು ತಿರುಗಿಸಿ ನೋಡಿ, ಏನೂ ಆಗುವುದಿಲ್ಲ. ಕಾಲು ಸಡಿಲಿಸಿದೊಡನೆ ಗಾಡಿ ತಿರುಗುತ್ತದೆ.

ಇದಾದ ಮೇಲೆ ದೊಡ್ಡ ಸುತ್ತು ಹಾಕಿ. ವೇಗ ಸ್ವಲ್ಪ ಹೆಚ್ಚಾದಾಗ ಎರಡರಲ್ಲಿ ಒಂದು ಆಗುತ್ತದೆ. ಮುಂಚಕ್ರ ಜಾರಿದರೆ, ಸ್ಟೀರಿಂಗು ತಿರುಗಿಸಿದ್ದರೂ ಗಾಡಿ ನೆಟ್ಟಗೆ ಹೊರಕ್ಕೆ ಹೋಗುತ್ತದೆ. ಆಗ ಇನ್ನಷ್ಟು ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಆಕ್ಸಿಲರೇಟರಿನಿಂದ ಕಾಲು ಎತ್ತಿ, ಸ್ಟೀರಿಂಗನ್ನು ಸ್ವಲ್ಪ ನೇರ ಮಾಡಿ. ಹಿಡಿತ ಬಂದಾಗ ಮೆಲ್ಲನೆ ತಿರುಗಿಸಿ. ಹಿಂಚಕ್ರ ಜಾರಿದರೆ ಗಾಡಿಯ ಬಾಲ ಬದಿಗೆ ಬೀಸುತ್ತದೆ. ಬಾಲ ಬಲಕ್ಕೆ ಹೋದರೆ ಸ್ಟೀರಿಂಗನ್ನೂ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ ತಿರುಗಿಸಿ, ಗಾಡಿ ನೆಟ್ಟಗಾಗುತ್ತಿದ್ದಂತೆ ಕೂಡಲೇ ಮರಳಿ ನೇರ ಮಾಡಬೇಕು. ತಡವಾದರೆ ಬಾಲ ಇನ್ನೊಂದು ಬದಿಗೆ ಬೀಸುತ್ತದೆ, ಎರಡನೆಯ ಬೀಸು ಮೊದಲಿನದಕ್ಕಿಂತ ಜೋರು. ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸಿ, ಬ್ರೇಕು ಮುಟ್ಟಬೇಡಿ. ಕಣ್ಣು ಮಾತ್ರ ನೀವು ಹೋಗಬೇಕಾದ ಕಡೆಗೇ ಇರಲಿ. ಮರವನ್ನು ನೋಡಿದರೆ ಕೈ ಮರದ ಕಡೆಗೇ ಎಳೆಯುತ್ತದೆ. ನಾನು ಅಂದು ಆ ಸಿಲ್ವರ್ ಓಕನ್ನು ದಿಟ್ಟಿಸುತ್ತಲೇ ಇದ್ದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಿಮ ಬೀಳುವ ನಾರ್ವೆ ದೇಶದಲ್ಲಿ 1979ರಲ್ಲಿ ಹೊಸ ಚಾಲಕರಿಗೆಲ್ಲ ಜಾರು ರಸ್ತೆಯ ತರಬೇತಿಯನ್ನು ಕಡ್ಡಾಯ ಮಾಡಿದರು. ಕೆಲವು ವರ್ಷಗಳ ಬಳಿಕ ಪರಿಶೀಲಿಸಿದಾಗ, ಎಳೆಯ ಗಂಡುಮಕ್ಕಳಲ್ಲಿ ಜಾರು ರಸ್ತೆಯ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಗಿದ್ದುದು ಕಂಡುಬಂತು. ಜಾರುವ ಗಾಡಿಯನ್ನು ಸರಿಪಡಿಸಬಲ್ಲೆ ಎಂಬ ವಿಶ್ವಾಸ ಬಂದವರು ವೇಗ ತಗ್ಗಿಸುವುದನ್ನು ಬಿಟ್ಟಿದ್ದರು. ಆ ಬಳಿಕ ಆ ಕಡೆಯ ದೇಶಗಳಲ್ಲಿ ಪಾಠದ ಗುರಿಯನ್ನೇ ಬದಲಿಸಿ, ಹಿಡಿತ ಎಷ್ಟು ಬೇಗ ಕೈಬಿಡುತ್ತದೆ ಎಂಬುದನ್ನು ಮನಗಾಣಿಸುವುದಕ್ಕೆ ಹೆಚ್ಚು ಒತ್ತು ಕೊಡಲಾಯಿತು. ನಿಮ್ಮ ಮಗನಿಗೆ ಗದ್ದೆಯಲ್ಲಿ ಕಲಿಸುವಾಗ ಬಾಲ ಬೀಸಿ ಸುತ್ತು ಹೊಡೆಯುವುದನ್ನು ಆಟವಾಗಿಸಬೇಡಿ. 20 ಕಿ.ಮೀ. ವೇಗದಲ್ಲೇ ಇಷ್ಟು ಜಾರಿದರೆ 40ರಲ್ಲಿ ಏನಾದೀತು ಎಂಬುದನ್ನು ಹೆಜ್ಜೆಯಿಂದ ಅಳೆದು ತೋರಿಸಿ. ಅವನು ತಾನೇ ನಡೆದು ಅಳೆದ ದೂರ ಮರೆಯುವುದಿಲ್ಲ.

ಇಳಿಯುವಾಗ, ಹತ್ತುವಾಗ

ಕಡಿದಾದ ಮಣ್ಣಿನ ದಾರಿ ಇಳಿಯುವ ಮುನ್ನ ಗಾಡಿ ನಿಲ್ಲಿಸಿ ನಡೆದು ನೋಡಿ. ಜಿಗಣೆ ಹತ್ತೀತೆಂದು ಸೋಮಾರಿತನ ಬೇಡ. ನಿಮ್ಮ ಬೂಟು ನಿಲ್ಲದ ಜಾಗದಲ್ಲಿ ಗಾಡಿಯೂ ನಿಲ್ಲುವುದಿಲ್ಲ. ಇಳಿಯಬಹುದೆನಿಸಿದರೆ ಮೇಲಿನ ಸಮತಟ್ಟಿನಲ್ಲೇ ಒಂದನೇ ಗೇರು, ಜೀಪಾದರೆ ಲೋ ಗೇರಿನ ಒಂದು, ಹಾಕಿಕೊಳ್ಳಬೇಕು. ಇಳಿಜಾರಿನ ನಡುವೆ ಗೇರು ಬದಲಿಸುವುದೆಂದರೆ ಕ್ಲಚ್ ತುಳಿಯುವುದು. ಕ್ಲಚ್ ತುಳಿದೊಡನೆ ಎಂಜಿನ್ನಿನ ತಡೆ ಹೋಗಿ ಗಾಡಿ ಓಡುತ್ತದೆ. ಡೀಸೆಲು ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ದುರಭ್ಯಾಸವಂತೂ ಬೇಡವೇ ಬೇಡ. ಜಾರತೊಡಗಿದರೆ ಬ್ರೇಕಿಗಿಂತ ಮೊದಲು ಆಕ್ಸಿಲರೇಟರನ್ನು ತುಸು ಒತ್ತಿ ನೋಡಿ. ವಿಚಿತ್ರವೆನಿಸಬಹುದು, ಆದರೆ ನಿಂತ ಚಕ್ರ ತಿರುಗತೊಡಗಿ ದಿಕ್ಕು ಕೈಗೆ ಸಿಗುತ್ತದೆ. ಏನು ಮಾಡಿದರೂ ನಿಲ್ಲದಿದ್ದರೆ ಒಳಬದಿಯ ಬರೆಗೆ ಅಥವಾ ಚರಂಡಿಗೆ ಇಳಿಸಿ. ಬಾಗಿಲು ನಜ್ಜಾದರೂ ಕಣಿವೆ ತಪ್ಪುತ್ತದೆ.

ಏರಿನಲ್ಲಿ ಅರ್ಧದಲ್ಲಿ ನಿಂತುಹೋದರೆ ಅಲ್ಲೇ ತಿರುಗಿಸಲು ಹೋಗಬಾರದು; ಅಡ್ಡಲಾದ ಗಾಡಿ ಉರುಳುತ್ತದೆ. ಕಾಲು ಬ್ರೇಕಿನ ಮೇಲಿರಲಿ, ಎಂಜಿನ್ ನಿಂತಿದ್ದರೆ ರಿವರ್ಸ್ ಗೇರು ಹಾಕಿ, ಕ್ಲಚ್ ಬಿಟ್ಟು, ಎಂಜಿನ್ ಚಾಲೂ ಮಾಡಿ, ಸ್ಟೀರಿಂಗು ನೆಟ್ಟಗಿಟ್ಟುಕೊಂಡು ಹಿಂದಕ್ಕೆ ಇಳಿಯಿರಿ. ಹೊಸ ವಾಹನಗಳಲ್ಲಿ ಕ್ಲಚ್ ತುಳಿಯದೆ ಎಂಜಿನ್ ಚಾಲೂ ಆಗುವುದಿಲ್ಲ. ಅವುಗಳಲ್ಲಿ ಬ್ರೇಕು, ಹ್ಯಾಂಡ್ ಬ್ರೇಕು ಎರಡನ್ನೂ ಹಿಡಿದು ಚಾಲೂ ಮಾಡಿ ಕ್ಲಚ್ಚನ್ನು ಪೂರ್ತಿ ಬಿಟ್ಟ ನಂತರವೇ ಬ್ರೇಕು ಸಡಿಲಿಸಬೇಕು. ಹಿಂದೆ ಯಾರೂ ತಳ್ಳಲು ನಿಂತಿರಬಾರದು.

ಮಳೆಗಾಲದಲ್ಲಿ ರಸ್ತೆಯ ಕಣಿವೆ ಬದಿಯ ಅಂಚು ನೋಡಲು ಗಟ್ಟಿಯಾಗಿದ್ದರೂ ಒಳಗೆ ಟೊಳ್ಳಾಗಿರುತ್ತದೆ. 2018ರ ಜೂನಿನಲ್ಲಿ ಮಾಕುಟ್ಟ ರಸ್ತೆಯಲ್ಲಿ, ಅದೇ ವರ್ಷ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಬರೆ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ರಸ್ತೆಗೆ ಅಡ್ಡಲಾಗಿ ಹೊಸ ಬಿರುಕು, ಬರೆಯಿಂದ ಇದ್ದಕ್ಕಿದ್ದಂತೆ ಕೆಂಪು ನೀರು, ವಾಲಿದ ಮರ ಕಂಡರೆ ಚಾಲನೆಯ ಯಾವ ವಿದ್ಯೆಯೂ ಸಲ್ಲದು. ಹಿಂದಿರುಗಬೇಕು.

ಟೈರು ಮತ್ತು ಹೊರೆ

ಕಾರು, ಜೀಪಿನ ಟೈರಿನ ಗೀರು ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ನಮ್ಮ ಮಳೆಗೆ ಅದು ಸಾಲದು, 3 ಮಿ.ಮೀ.ಗೆ ಇಳಿದ ಟೈರನ್ನು ಮೇ ತಿಂಗಳಲ್ಲೇ ಬದಲಿಸುವುದು ಲೇಸು. ಕುಶಾಲನಗರದಿಂದ ಮೈಸೂರಿನ ಕಡೆಗೆ ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗೀರು ಸವೆದ ಟೈರು ನೀರನ್ನು ಹೊರತಳ್ಳಲಾರದೆ ನೀರಿನ ಮೇಲೆಯೇ ತೇಲುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಇನ್ನೂ ಕಡಿಮೆ ವೇಗದಲ್ಲೇ ತೇಲತೊಡಗುತ್ತದೆ. ಕೆಸರಿನಲ್ಲಿ ಹಿಡಿತ ಬರಲೆಂದು ತೋಟದೊಳಗೆ ಗಾಳಿ ಇಳಿಸುವವರು ಟಾರಿಗೆ ಬರುವ ಮುನ್ನ ಮತ್ತೆ ತುಂಬಿಸಲೇಬೇಕು.

ಹಿಂದೆ ಹತ್ತು ಮಂದಿ ನಿಂತಿರುವ ಪಿಕಪ್ಪಿನ ಭಾರ ಎತ್ತರದಲ್ಲಿರುತ್ತದೆ. ಜಾರಿ ಚರಂಡಿಯ ಅಂಚಿಗೆ ತಗಲಿದರೆ ಅದು ಮಗುಚುತ್ತದೆ, ಹಿಂದಿದ್ದವರಿಗೆ ಹಿಡಿಯಲು ಏನೂ ಇರುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಕೆಲಸದವರನ್ನು ಇಳಿಸಿ ನಡೆದು ಬರಹೇಳಿ. ಐದು ನಿಮಿಷ ತಡವಾಗುತ್ತದೆ. ಆ ಬೆಳಿಗ್ಗೆ ನಾನು ಹಾಗೆ ಮಾಡಿದ್ದರೆ ಒಂದು ಮಣಿಕಟ್ಟು ಉಳಿಯುತ್ತಿತ್ತು.

ಟ್ರ್ಯಾಕ್ಟರಿನ ಎರಡು ಬ್ರೇಕು ಪೆಡಲುಗಳನ್ನು ಉಳುವಾಗ ಬೇರೆ ಬೇರೆ ಬಳಸುತ್ತೇವೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಕೊಂಡಿ ಹಾಕಿ ಜೋಡಿಸಿರಬೇಕು. ಜಾರುವ ರಸ್ತೆಯಲ್ಲಿ ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ, ಹಿಂದಿನ ಟ್ರೈಲರು ಅದನ್ನು ತಳ್ಳಿ ಮಗುಚಿಸುತ್ತದೆ. ಟ್ರೈಲರಿಗೆ ಬ್ರೇಕು ಇಲ್ಲದಿದ್ದರೆ ಮಳೆಗಾಲದಲ್ಲಿ ಅರ್ಧ ಹೊರೆ ಸಾಕು.

ರಸ್ತೆಯ ಕೆಲಸ ಬೇಸಿಗೆಯಲ್ಲಿ

ಇನ್ನು ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ತೋಟದ ರಸ್ತೆಯನ್ನೂ ಒಂದು ಬೆಳೆಯೆಂದು ತಿಳಿದು ಮಳೆಗೆ ಮುನ್ನ ಸಿದ್ಧಪಡಿಸಬೇಕು. ನೀರು ದಾರಿಯ ಮೇಲೆ ಉದ್ದಕ್ಕೆ ಹರಿಯದಂತೆ ಒಳಬದಿಯ ಚರಂಡಿಯನ್ನು ಮೇ ತಿಂಗಳಲ್ಲಿ ಬಿಡಿಸಿ, ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡಗಾಲುವೆ ಕೊಡಿ. ಅಡ್ಡಗಾಲುವೆಯ ನೀರನ್ನು ಸಡಿಲ ಮಣ್ಣಿನ ಬರೆಗೆ ಬಿಡದೆ ಕಲ್ಲು ಜೋಡಿಸಿದ ಜಾಗಕ್ಕೆ ಬಿಡಬೇಕು. ಕೆಳ ಅಂಚಿನಲ್ಲಿ ಲಾವಂಚದ ಸಾಲು ನೆಟ್ಟರೆ ಅದರ ಆಳವಾದ ಬೇರು ಅಂಚನ್ನು ಹಿಡಿದಿಡುತ್ತದೆ. ಮಳೆಗೆ ಮುನ್ನ ಕಾಫಿಯ ನೆರಳು ಹದಗೊಳಿಸುವಾಗ ರಸ್ತೆಯ ಮೇಲೆ ಚಾಚಿದ ಕೊಂಬೆಗಳನ್ನೂ ತೆಗೆಸಿ. ಬಿಸಿಲು ಬಿದ್ದ ಕಡೆ ಪಾಚಿ ಬೇಗ ಹಿಡಿಯುವುದಿಲ್ಲ. ಹಿಡಿದ ಪಾಚಿಯನ್ನು ಗುದ್ದಲಿಯಿಂದ ಕೆರೆದು ಒರಟು ಪೊರಕೆಯಿಂದ ಉಜ್ಜಿಸಬೇಕು. ಕಡಿದಾದ ತಿರುವುಗಳಿಗೆ ಮಾತ್ರವಾದರೂ ಜಲ್ಲಿ ಹಾಸಿ. ಮಣ್ಣು ಹಾಕಿ ಮುಚ್ಚಿದ ಗುಂಡಿ ಮೊದಲ ಮಳೆಗೇ ಕೆಸರಿನ ಹೊಂಡವಾಗುತ್ತದೆ. ಏರಿನ ಬುಡದಲ್ಲಿ ಒಂದು ಗುಡ್ಡೆ ಮರಳು, ಎರಡು ಗುದ್ದಲಿ, ಗಟ್ಟಿ ಹಗ್ಗ ಇಟ್ಟಿರಿ.

ನಾನು ಬಡಿದ ಸಿಲ್ವರ್ ಓಕ್ ಈಗಲೂ ಇದೆ. ಸಿಪ್ಪೆ ಕಿತ್ತ ಜಾಗ ಮುಚ್ಚಿ ಗಂಟಾಗಿದೆ. ಆ ತೋಟದ ಮಾಲೀಕರು ಮರದ ಬುಡಕ್ಕೆ ಬಿಳಿ ಸುಣ್ಣ ಹೊಡೆಸಿದ್ದಾರೆ, ತಿರುವಿಗೆ ಜಲ್ಲಿ ಹಾಕಿಸಿದ್ದಾರೆ. ಹೋದ ವರ್ಷ ಆಶ್ಲೇಷಾ ಮಳೆಯಲ್ಲಿ ಅಲ್ಲಿಗೆ ಹೋದಾಗ ಜೀಪನ್ನು ಮೇಲೆಯೇ ನಿಲ್ಲಿಸಿ, ಕೊಡೆ ಹಿಡಿದು ಗದ್ದೆಗೆ ನಡೆದೆ. ಮಣಿಕಟ್ಟು ಮುರಿದುಕೊಂಡ ಸಹಾಯಕರು ಕೆಳಗೆ ಸಸಿ ಕೀಳಿಸುತ್ತಿದ್ದರು. “ಏನ್ ಸಾರ್, ಗಾಡಿ ತರಲಿಲ್ವಾ?” ಎಂದು ನಕ್ಕರು.